ಜೋಡಿ ಹೇಳುವ ತನಕ

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ದಿನವಿಡೀ ಬೇರೆಯವರ ಬಾಯೊಳಗೆ ಕೊಳವೆ ಹಿಡಿದು ಎಂಜಲು, ರಕ್ತ, ಹಲ್ಲಿನ ಚೂರು ಎಲ್ಲವನ್ನೂ ಹೀರಿಸುವುದು ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅಸಹ್ಯ ಅಸಹ್ಯ ಎಂದು ಮೂಗು ಮುರಿಯುವಾಗ, ಇವಳೇನು ಹೂವಿನ ತೋಟದಲ್ಲಿ ಬೆಳೆದವಳಾ ಎಂದು ಯಾರೂ ಕೇಳಬಾರದು. ಕೊಳೆತ ಹಲ್ಲು ನೋಡಿ ಬಂದು ಕೈ ತೊಳೆದು ನೆಮ್ಮದಿಯಾಗಿ ಊಟ ಮಾಡುವವಳು ನಾನು. ನನ್ನ ಹೊಟ್ಟೆ ಅಷ್ಟು ಸುಲಭಕ್ಕೆ ತೊಳಸುವುದಿಲ್ಲ. ಅದನ್ನು ತೊಳಸಿದ ಕೀರ್ತಿ ನಮ್ಮ ಬಡಾವಣೆಯ ಜಿಮ್ಮಿಗೆ ಸಲ್ಲಬೇಕು.

ಸೋಫಾ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅದು. ಏಸಿ ಇದೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ ಮೊಳೆ ಹೊಡೆದಿದ್ದರು, ಏಸಿ ಕೆಟ್ಟು ಯಾವ ಕಾಲವಾಗಿತ್ತೋ. ಗಂಡಸರ ಬೆಳಗಿನ ಪಾಳಿ ಮುಗಿದು ನಾವು ಹೆಂಗಸರು ಒಳಗೆ ಹೋಗುವ ಹೊತ್ತಿಗೆ ಅವರ ಬೆವರು ಇನ್ನೂ ಅಲ್ಲೇ ಗಾಳಿಯಲ್ಲಿ ನಿಂತಿರುತ್ತಿತ್ತು. ಅದರ ಮೇಲೆ ನಿಂಬೆ ವಾಸನೆಯ ಅದೇನೋ ನೀರು ಚಿಮುಕಿಸುತ್ತಿದ್ದರು. ಬೆವರಿನ ನಾತವನ್ನಾದರೂ ಸಹಿಸಬಹುದು, ನಿಂಬೆ ಬೆರೆತ ಬೆವರಿನ ನಾತ ಗಂಟಲಿಗೇ ಇಳಿಯುತ್ತದೆ. ಚಾಪೆಗಳನ್ನು ಒತ್ತಿದರೆ ಪಿಚ್ಚೆನ್ನುತ್ತಿದ್ದವು. ಬಟ್ಟೆ ಬದಲಿಸುವ ಕೋಣೆಯ ಮೋರಿಯ ಬಾಯಲ್ಲಿ ಯಾರ್ಯಾರದೋ ಕೂದಲು ಗಂಟು ಕಟ್ಟಿಕೊಂಡು ಕೂತಿತ್ತು. ಕಂಬಿಯ ಮೇಲೆ ಒಂದು ಟವೆಲ್ಲು ಸದಾ ನೇತಾಡುತ್ತಿತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಮುಖ ಮಾತ್ರ ಎಲ್ಲರೂ ಅದರಲ್ಲೇ ಒರೆಸಿಕೊಳ್ಳುತ್ತಿದ್ದರು.

ಹೇಳಿಕೊಡುವ ಮೇಷ್ಟ್ರಿಗೆ ನಾವಿಟ್ಟ ಹೆಸರು ಸೀಟಿ. ಕೊರಳಲ್ಲಿ ಸದಾ ಒಂದು ಸೀಟಿ, ಮಾತಾಡುವಾಗಲೂ ಅದು ಹಲ್ಲುಗಳ ನಡುವೆ. ತೆಗೆದಾಗ ತುಟಿಯಿಂದ ಸೀಟಿಯವರೆಗೆ ಎಂಜಲಿನ ಎಳೆಯೊಂದು ಜೋತಾಡುತ್ತಿತ್ತು. ಬಾಯಿ ನೋಡುವುದೇ ನನ್ನ ಕಸುಬಾದ್ದರಿಂದ ನನ್ನ ಕಣ್ಣು ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು.

ಆ ಜಿಮ್ಮಿನಲ್ಲಿ ಹೆಂಗಸರ ಪಾಳಿಗೆ ಒಂದು ನಿಯಮ. ಹಿಂದೆ ಯಾರೋ ಒಬ್ಬರು ಓಡುವ ಯಂತ್ರದ ಮೇಲೆ ತಲೆ ಸುತ್ತಿ ಬಿದ್ದಿದ್ದರಂತೆ. ಅಂದಿನಿಂದ ಮಾಲೀಕರು ಇಬ್ಬಿಬ್ಬರನ್ನು ಜೋಡಿ ಮಾಡಿದರು. ವ್ಯಾಯಾಮ ಮಾಡುವವಳು ತಾನಾಗಿ ನಿಲ್ಲಿಸುವಂತಿಲ್ಲ, ತಾನಾಗಿ ಮುಂದುವರಿಸುವಂತೆಯೂ ಇಲ್ಲ. ಎದುರಿಗೆ ನಿಂತ ಜೋಡಿ ಅವಳ ಮುಖ ನೋಡುತ್ತಿರಬೇಕು, ಆಯಾಸ ಕಂಡ ಕೂಡಲೇ "ಸಾಕು" ಅನ್ನಬೇಕು. ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ, ಅದಕ್ಕೆ. ಯೋಚಿಸಿದರೆ ಒಳ್ಳೆಯ ನಿಯಮವೇ. ಆದರೆ ಎಂಥವರ ಕೈಗೆ ಬಿತ್ತು ನೋಡಿ. ಸ್ವಲ್ಪ ದಿನದಲ್ಲೇ ಬೇಗ "ಸಾಕು" ಅನ್ನುವುದು ಅವಮಾನ ಅಂತಾಯಿತು. "ನನ್ನ ಕೈಲಿ ಇಷ್ಟೇನಾ ಆಗೋದು ಅಂದ್ಕೊಂಡ್ಯಾ?" ಎಂದು ಮುಖ ಊದಿಸಿಕೊಂಡವರೆಷ್ಟೋ. ಬ್ಯಾಂಕಿನ ಕ್ಯಾಷಿಯರ್ ಒಬ್ಬಾಕೆ ತನ್ನ ಗೆಳತಿಗೆ ಒಂದು ಬಸ್ಕಿ ಮೊದಲೇ "ಸಾಕು" ಅಂದುಬಿಟ್ಟಳೆಂದು ಅವರಿಬ್ಬರ ಮಕ್ಕಳು ಒಟ್ಟಿಗೆ ಶಾಲೆಗೆ ಹೋಗುವುದೇ ನಿಂತಿತು. ಹಾಗಾಗಿ ಯಾರೂ "ಸಾಕು" ಅನ್ನುತ್ತಿರಲಿಲ್ಲ. ನೆಲದ ಮೇಲೆ ಬಿದ್ದವಳು ಬಾಯಿ ತೆರೆದು ಜೋಡಿಯ ಮುಖ ನೋಡುವುದು, ಜೋಡಿ ನಗುನಗುತ್ತಾ "ಇನ್ನೊಂದು, ಇನ್ನೊಂದು" ಅನ್ನುವುದು. ಆಮೇಲೆ ಸರದಿ ಬದಲಾದಾಗ ಆಕೆ ಅದೇ ಮರ್ಯಾದೆಯನ್ನು ಬಡ್ಡಿ ಸಮೇತ ತೀರಿಸುವುದು. ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಹಿಂಡಿ ಹಾಕುತ್ತಿದ್ದರು. ಯಾರಾದರೂ ಬಕೆಟ್ಟಿನ ಕಡೆ ಓಡಿ ವಾಂತಿ ಮಾಡಿಕೊಂಡರೆ ಅಂದಿನ ಪಾಳಿ ಮುಗಿದಂತೆ. ಸೀಟಿ ಚಪ್ಪಾಳೆ ತಟ್ಟಿ, "ಸ್ನೇಹ ಅಂದ್ರೆ ಇದು" ಅನ್ನುತ್ತಿದ್ದ.

ನನ್ನ ಜೋಡಿ ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಕರೆಯುವುದು ಅಕ್ಕ ಎಂದು. ನಾವೆಲ್ಲ ಒಂದೇ ಮನೆಯಲ್ಲಿರುವವರು. ಅಕ್ಕ, ಬಾವ, ಹಾಸ್ಟೆಲುಗಳಲ್ಲಿ ಓದುತ್ತಿರುವ ಅವರ ಮೂರು ಮಕ್ಕಳು, ನಾನು, ನನ್ನ ಗಂಡ, ಒಳಕೋಣೆಯ ಮಂಚದಲ್ಲಿ ಅತ್ತೆ.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರ ಕಾಲಿನಲ್ಲಿ ಬಲ ಬರಲೇ ಇಲ್ಲ. ದೊಡ್ಡ ಆಳು ಅವರು, ಮೂಳೆಯೇ ಭಾರ. ಮಂಚದಿಂದ ಗಾಲಿ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಅಲ್ಲಿಂದ ಮತ್ತೆ ಕುರ್ಚಿಗೆ, ಮತ್ತೆ ಮಂಚಕ್ಕೆ. ಎತ್ತುವವರು ಅಕ್ಕ. ಅತ್ತೆಯ ಕಂಕುಳಲ್ಲಿ ಕೈ ಹಾಕಿ, ಮಂಡಿಗೆ ಮಂಡಿ ಒತ್ತಿ, "ಹ್ಞೂಂ ಅತ್ತೆ" ಎಂದು ಒಂದೇ ಉಸಿರಿಗೆ ಎಬ್ಬಿಸಿಬಿಡುತ್ತಿದ್ದರು. ರಜೆಯ ದಿನ ನಾನು ಹೋಗಿ ಇನ್ನೊಂದು ಪಕ್ಕ ಹಿಡಿಯುತ್ತಿದ್ದೆ. ಉಳಿದ ದಿನ ನಾನು ಕ್ಲಿನಿಕ್ಕಿನಲ್ಲಿ, ಅಕ್ಕ ಒಬ್ಬರೇ.

ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ. ಬಾವನ ಭುಜ ನೋಡಿದರೆ ಬೀರುವನ್ನು ಒಬ್ಬರೇ ಸರಿಸಬಲ್ಲರು, ಸರಿಸಿಯೂ ಇದ್ದಾರೆ. ಆದರೆ ತಾಯಿಯನ್ನು ಎತ್ತುವ ಮಾತು ಬಂದರೆ ಅವರ ಉತ್ತರ ಒಂದೇ. "ಗಂಡುಮಕ್ಕಳು ಮುಟ್ಟಿ ಎತ್ತಿದ್ರೆ ಅಮ್ಮಂಗೆ ನಾಚಿಕೆ ಆಗುತ್ತಮ್ಮ." ನರ್ಸನ್ನು ಇಡೋಣ ಅಂದರೆ, "ಹೊರಗಿನವರು ಮುಟ್ಟಿದ್ರೆ ಅಮ್ಮ ಕುಗ್ಗಿಹೋಗ್ತಾರೆ." ನನ್ನ ಗಂಡ ಅಣ್ಣನ ಮಾತಿಗೆ ತಲೆ ಆಡಿಸಿ ಪೇಪರು ತೆರೆಯುತ್ತಿದ್ದರು. ಅಮ್ಮನ ಮೇಲೆ ಇಬ್ಬರಿಗೂ ಪ್ರಾಣ. ಬಾಗಿಲ ಬಳಿ ನಿಂತು "ಏನಮ್ಮಾ, ಹೇಗಿದ್ದೀಯಾ" ಎಂದು ಕೇಳದೆ ಒಂದು ದಿನವೂ ಹೊರಗೆ ಹೋದವರಲ್ಲ. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ, ಒಳಗಿನ ವಾಸನೆ ಅವರಿಗೆ ಆಗುತ್ತಿರಲಿಲ್ಲ.

ಒಮ್ಮೆ ಅಕ್ಕ ಬಾಯಿ ಬಿಟ್ಟು ಸೊಂಟ ನೋವು ಅಂದರು. ಬಾವ ಗದ್ದದ ಮೇಲೆ ಕೈ ಇಟ್ಟು ಯೋಚಿಸಿದರು. ಆ ಯೋಚನೆಯ ಫಲ ಅಕ್ಕನ ಹುಟ್ಟುಹಬ್ಬದ ದಿನ ಒಂದು ಲಕೋಟೆಯಲ್ಲಿ ಬಂತು. ಜಿಮ್ಮಿನ ಸದಸ್ಯತ್ವ. "ಒಂದು ವರ್ಷ ಹೋಗು, ಗಟ್ಟಿ ಆಗ್ತೀಯ. ಆಮೇಲೆ ಅಮ್ಮನ್ನ ಎತ್ತೋದು ಹೂವು ಎತ್ತಿದ ಹಾಗೆ" ಅಂದರು. ಒಂದು ತೆಗೆದುಕೊಂಡರೆ ಇನ್ನೊಂದು ಉಚಿತ ಎಂದಿತ್ತಂತೆ, ಆ ಉಚಿತದಲ್ಲಿ ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ. ನನ್ನ ಬಾಯಲ್ಲಿ ಕೇಕಿತ್ತು, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಅದನ್ನು ಕೆನ್ನೆಯಲ್ಲಿಟ್ಟುಕೊಂಡು ನಿಂತೆ. ಹೆಂಡತಿಯ ಬೆನ್ನು ನೋಯುತ್ತಿದೆ ಎಂದರೆ ಭಾರ ಇಳಿಸುವ ಬದಲು ಬೆನ್ನನ್ನೇ ದಪ್ಪ ಮಾಡಿಸಲು ಹೊರಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಿಮ್ಮಿಗೆ ಸೇರಿ ಕೆಲವು ವಾರಗಳಾದ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಅಕ್ಕ ಚಿಲಕ ಹಾಕಿದರು.

"ಒಂದು ಮಾತು. ಮನೇಲಿ ಹೇಳ್ಬೇಡ."

"ಏನಕ್ಕ?"

"ಲೇಡಿ ಡಾಕ್ಟರ್ ಹತ್ರ ಹೋಗಿದ್ದೆ. ಗರ್ಭಕೋಶ ಜಾರಿದೆಯಂತೆ. ಮೂರು ಹೆರಿಗೆ, ಅದರ ಮೇಲೆ ಈ ಎತ್ತೋದು. ಇನ್ನು ಭಾರ ಎತ್ತಲೇಬಾರದು ಅಂದ್ರು. ಎತ್ತಿದ್ರೆ ಪೂರ್ತಿ ಹೊರಗೆ ಬರುತ್ತೆ, ಆಮೇಲೆ ಆಪರೇಷನ್ನೇ ಗತಿ ಅಂದ್ರು."

"ಮತ್ತೆ ಇಲ್ಲಿಗ್ಯಾಕೆ ಬರ್ತಿದ್ದೀರಾ?"

"ಸಣ್ಣಪುಟ್ಟ ವ್ಯಾಯಾಮ ಮಾಡಿ ಅಂತ ಅವರೇ ಹೇಳಿದ್ದು. ಭಾರ ಬೇಡ ಅಷ್ಟೇ." ಅಕ್ಕ ಕೂದಲು ಗಂಟು ಹಾಕಿಕೊಂಡರು. "ಈ ಒಂದು ಗಂಟೆನೂ ಬಿಟ್ರೆ ನಾನು ಬಾಗಿಲು ದಾಟೋದೇ ಯಾವಾಗ ಹೇಳು."

"ಬಾವಂಗೆ ಹೇಳಿ ಅಕ್ಕ."

"ಹೇಳಿದ್ರೆ? ಅತ್ತೆನ್ನ ಎತ್ತೋರು ಯಾರು?"

ಅದಕ್ಕೆ ಉತ್ತರ ಮನೆಯಲ್ಲೇ ಇತ್ತು, ಆದರೆ ಆ ಉತ್ತರ ಹೊಸ್ತಿಲು ದಾಟುತ್ತಿರಲಿಲ್ಲ.

"ನೀನು ನನ್ನ ಜೋಡಿ," ಅಂದರು ಅಕ್ಕ. "ನಂಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ ಕಣೇ. ಯಾರಾದ್ರೂ ಒಂದು ಒಳ್ಳೆ ಮಾತಾಡಿದ್ರೆ ಮೈಮರೆತುಬಿಡ್ತೀನಿ. ನೀನು ನೋಡ್ಕೋ. ನೀನು ಸಾಕು ಅಂದ್ರೆ ನಾನು ಇಳಿಸಿಬಿಡ್ತೀನಿ. ಆಣೆ."

ನಾನು ಒಪ್ಪಿಕೊಂಡೆ. ಭಾರದ ಕಡೆ ಹೋಗದಿದ್ದರೆ ಇಳಿಸುವ ಪ್ರಶ್ನೆಯೇ ಬರುವುದಿಲ್ಲ ಅಂದುಕೊಂಡೆ.

ಸೀಟಿ ಬಿಡಬೇಕಲ್ಲ. ಒಂದು ದಿನ ಎಲ್ಲರ ಕೈಗೂ ಕಬ್ಬಿಣದ ಸರಳು ಕೊಟ್ಟ. ಬಿಲ್ಲೆಗಳನ್ನು ಸಿಕ್ಕಿಸಿದ ಸರಳನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲಬೇಕು. ಒಬ್ಬೊಬ್ಬರೂ ಗೂನು ಬೆನ್ನು ಮಾಡಿ ಒದ್ದಾಡಿದರು. ನಾನಂತೂ ಸರಳಿಗೆ ಕೈ ಮುಗಿದು ಹಿಂದೆ ಸರಿದೆ. ಅಕ್ಕ ಬಗ್ಗಿದರು, ಮಂಡಿ ಮಡಚಿದರು, ಸರಳು ಅವರ ತೊಡೆಗೆ ಸವರಿಕೊಂಡು ಸುಮ್ಮನೆ ಮೇಲೆ ಬಂತು. ಸೀಟಿಯ ಬಾಯಿಂದ ಸೀಟಿ ಕಳಚಿತು.

"ಎಲ್ಲಿ ಕಲಿತ್ರಿ ಮೇಡಂ?"

"ಮನೇಲಿ" ಅಂದರು ಅಕ್ಕ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅಕ್ಕನ ಮುಖ ನೋಡಬೇಕಿತ್ತು. ಅದೇ ಕೆಲಸವನ್ನು, ಅದಕ್ಕಿಂತ ಭಾರವಾದದ್ದನ್ನು, ಅವರು ದಿನಾ ಎಷ್ಟು ಸಲ ಮಾಡುತ್ತಿದ್ದರು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಮುಖದ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಅವರು ಎರಡನೆಯ ಸಲ ಬಗ್ಗುವಾಗಲೇ "ಸಾಕು" ಅಂದೆ.

ನಾನೇನೋ ಆಡಬಾರದ ಮಾತು ಆಡಿದಂತೆ ಎಲ್ಲರೂ ನನ್ನನ್ನೇ ನೋಡಿದರು. ಸೀಟಿ ನಕ್ಕ. "ಓರಗಿತ್ತಿ ಅಲ್ವಾ, ಹೊಟ್ಟೆ ಉರಿ ಇರುತ್ತೆ ಬಿಡಿ" ಅಂದ. ಎಲ್ಲರೂ ನಕ್ಕರು. ಅಕ್ಕ ಮಾತಿನಂತೆ ಸರಳನ್ನು ಇಳಿಸಿದರು, ಮುಖವನ್ನೂ ಅದರ ಜೊತೆಗೇ ಇಳಿಸಿದರು.

ಮೆಟ್ಟಿಲು ಇಳಿಯುವಾಗ ಅಂದರು, "ಅಷ್ಟು ಬೇಗ ಹೇಳ್ಬೇಕಿತ್ತಾ?"

"ನೀವೇ ಹೇಳಿದ್ದಲ್ವಾ ಅಕ್ಕ."

"ಹೇಳಿದ್ದೆ. ಆದ್ರೂ."

ಆ "ಆದ್ರೂ" ನನ್ನ ನಾಲಿಗೆಗೆ ಅಂಟಿಕೊಂಡಿತು. ಮುಂದಿನ ಸಲಗಳಲ್ಲಿ ನಾನು ಒಂದು ಗಳಿಗೆ ತಡೆದು ಹೇಳತೊಡಗಿದೆ. ಒಂದು ಎತ್ತಲಿ, ಮುಖ ಅರಳಲಿ, ಆಮೇಲೆ ಹೇಳೋಣ. ಹೀಗೆ ಸ್ವಲ್ಪ ಸ್ವಲ್ಪವೇ ನಾನೂ ಅಲ್ಲಿಯ ಮರ್ಯಾದೆಸ್ಥರ ಸಾಲಿಗೆ ಸೇರುತ್ತಿದ್ದೆ. ಕನ್ನಡಿಯಲ್ಲಿ ನನ್ನ ನಗು ಕಂಡು ಒಮ್ಮೆ ನನಗೇ ರೇಜಿಗೆಯಾಯಿತು. ಅದು ಅಚ್ಚು "ಇನ್ನೊಂದು, ಇನ್ನೊಂದು" ಅನ್ನುವವರ ನಗು.

ಆಮೇಲೆ ಸೀಟಿಗೆ ಜಾಹೀರಾತಿನ ಯೋಚನೆ ಬಂತು. ಅಕ್ಕ ಭಾರ ಎತ್ತುವುದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸುತ್ತಾನಂತೆ. ಮನೆಯ ಹೆಂಗಸು, ಮೂರು ಮಕ್ಕಳ ತಾಯಿ, ನೋಡಿ ಅವಳ ಬಲ ಅಂತ. ಆ ದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು."

"ಆಗಲ್ಲ ಅಕ್ಕ. ಡಾಕ್ಟರ್ ಏನಂದಿದ್ದಾರೆ, ಮರೆತ್ರಾ?"

"ಮರೆತಿಲ್ಲ. ಮನೇಲಿ ಹೇಗೂ ಎತ್ತೇ ಎತ್ತುತ್ತೀನಲ್ಲ. ಇಲ್ಲಿ ಎರಡು ಹೆಚ್ಚು ಎತ್ತಿದ್ರೆ ಏನು ಮಹಾ." ನನ್ನ ಕೈ ಬಿಟ್ಟು ಅಂದರು, "ನೀನು ಕೆಲಸಕ್ಕೆ ಹೋಗ್ತೀಯ. ಚೆನ್ನಾಗಿ ಮಾಡಿದ್ರೆ ನಿಮ್ಮ ಡಾಕ್ಟರು ಶಭಾಷ್ ಅಂತಾರೆ. ನಂಗೆ ಯಾರು ಅಂದಿದ್ದಾರೆ?"

ನಾನು ಅವರ ಚೀಲ ತೆಗೆದು ಗೂಟಕ್ಕೆ ಹಾಕಿದೆ. ಅಕ್ಕ ಅದನ್ನು ಒಪ್ಪಿಗೆ ಅಂದುಕೊಂಡರು.

ನಡುವಿನ ಜಾಗ ಖಾಲಿ ಮಾಡಿಸಿ, ಸುತ್ತ ಹೆಂಗಸರನ್ನು ನಿಲ್ಲಿಸಿ, ಸೀಟಿ ಫೋನು ಎತ್ತಿ ಹಿಡಿದ. ಸರಳು ಎತ್ತುವಾಗ ಬರಿಗಾಲಿರಬೇಕೆಂದು ಅವನ ನಿಯಮ, ಅಕ್ಕ ಬರಿಗಾಲಲ್ಲಿ ನಿಂತಿದ್ದರು. ಮೊದಲನೆಯದು ಸಲೀಸಾಗಿ ಬಂತು. ಸೀಟಿ ಬಿಲ್ಲೆ ಸೇರಿಸಿದ. ಎರಡನೆಯದೂ ಬಂತು, ಚಪ್ಪಾಳೆ ಬಿತ್ತು. ಮತ್ತೆ ಬಿಲ್ಲೆ. ನಾನು ಎದುರಿಗೆ, ಜೋಡಿಯ ಜಾಗದಲ್ಲಿ, ಮುಖ ನೋಡುತ್ತಾ ನಿಂತಿದ್ದೆ. ಮುಖದಲ್ಲಿ ನಗು ಇತ್ತು.

ಆದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದವರ ಮುಖ ನೋಡಿ ಏನೂ ತಿಳಿಯುವುದಿಲ್ಲ. ನೋವಾದರೆ ಕೈ ಎತ್ತಿ ಅಂದಿರುತ್ತೇವೆ, ಸಂಕೋಚದವರು ಎತ್ತುವುದಿಲ್ಲ. ಅವರ ಕಾಲ್ಬೆರಳು ನೋಡಬೇಕು. ಅಭ್ಯಾಸಬಲದಿಂದ ನಾನು ಅಕ್ಕನ ಕಾಲು ನೋಡಿದೆ. ಹತ್ತೂ ಬೆರಳು ಮಡಚಿ ಚಾಪೆಯನ್ನು ಕಚ್ಚಿ ಹಿಡಿದಿದ್ದವು. ನಾನು ನೋಡುತ್ತಿದ್ದಂತೆಯೇ ಅವರ ಬೂದು ಬಣ್ಣದ ಪ್ಯಾಂಟಿನ ಒಳತೊಡೆ ಕಪ್ಪಾಯಿತು. ಆ ಕಪ್ಪು ಮಂಡಿಗೆ ಇಳಿಯಿತು, ಹಿಮ್ಮಡಿಯ ಪಕ್ಕದಲ್ಲಿ ಚಾಪೆಯ ಮೇಲೆ ಉಚ್ಚೆ ಹರಿಯಿತು.

ಎಲ್ಲರಿಗೂ ಕಂಡಿತು. ಒಬ್ಬಾಕೆ ಚಾವಣಿ ನೋಡಿದಳು. ಇನ್ನೊಬ್ಬಾಕೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಹಿಂದೆ ಯಾರೋ ಮೂಗಿಗೆ ಟವೆಲ್ಲು ಹಿಡಿದರು, ಅದೇ ಟವೆಲ್ಲು. ಸೀಟಿಗೂ ಕಂಡಿತು. ಅವನು ಫೋನನ್ನು ಸ್ವಲ್ಪ ಮೇಲಕ್ಕೆತ್ತಿದ.

"ಸೊಂಟದಿಂದ ಮೇಲೆ ಮಾತ್ರ ಬರುತ್ತೆ ಮೇಡಂ. ಇನ್ನೊಂದೇ ಒಂದು. ನಗ್ತಾ ಇರಿ."

ನಾನು ಬೇಕಾದಷ್ಟು ಕೊಳೆ ನೋಡಿದ್ದೇನೆ. ಕೀವು ನೋಡಿದ್ದೇನೆ. ಒಬ್ಬ ಮನುಷ್ಯ ಫೋನನ್ನು ಅಷ್ಟೇ ಅಷ್ಟು ಮೇಲೆತ್ತಿದ್ದಕ್ಕಿಂತ ಹೇಸಿಗೆಯಾದದ್ದನ್ನು ನೋಡಿಲ್ಲ.

"ಸಾಕು" ಅಂದೆ.

"ಈಗಲೇನಾ?" ಅಂದ ಸೀಟಿ. "ಒಳ್ಳೆ ಫಾರ್ಮಲ್ಲಿದ್ದಾರಲ್ಲ."

ಅಕ್ಕ ಸರಳು ಹಿಡಿದೇ ನನ್ನನ್ನು ನೋಡಿದರು. ಇಳಿಸಲಿಲ್ಲ. ಬೇಡ ಕಣೇ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

"ಸಾಕು ಅಕ್ಕ. ಇಳಿಸಿ."

ಅವರು ಇಳಿಸಿದರು. ದಡಾರನೆ ಬಿಡಲಿಲ್ಲ, ಅತ್ತೆಯನ್ನು ಕುರ್ಚಿಗೆ ಇಳಿಸುವಂತೆ ನಿಧಾನವಾಗಿ, ಸದ್ದಾಗದ ಹಾಗೆ ಇಳಿಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಬಟ್ಟೆ ಬದಲಿಸುವ ಕೋಣೆಗೆ ನಡೆದರು. ಅವರ ಹೆಜ್ಜೆ ಅಗಲವಾಗಿತ್ತು.

ನಾನು ಹಿಂದೆಯೇ ಹೋಗಿ ಚಿಲಕ ಹಾಕಿದೆ. "ಆ ಕಡೆ ತಿರುಗು" ಅಂದರು. ತಿರುಗಿದೆ. ನಲ್ಲಿಯಲ್ಲಿ ಕೈ ತೊಳೆದ ಸದ್ದು, ಪ್ಯಾಂಟು ಕಳಚಿದ ಸದ್ದು, ಆಮೇಲೆ ಗೋಡೆಗೆ ಬೆನ್ನು ಒರಗಿದ ಸದ್ದು. ಅಕ್ಕ ಒಮ್ಮೆ ಉಸಿರು ಕಟ್ಟಿ ಬಿಟ್ಟರು.

"ಏನಾಯ್ತಕ್ಕ?"

"ಹೊರಗೆ ಬಂದಿತ್ತು. ಒಳಗೆ ತಳ್ಳಿದೆ."

"ಕೈಯಲ್ಲಾ?"

"ಮತ್ತೆ ಇನ್ಯಾವುದರಲ್ಲಿ? ಮನೇಲೂ ಆಗುತ್ತೆ. ಅತ್ತೆನ್ನ ಎತ್ತಿದ ಮೇಲೆ ಬಾಗಿಲ ಹಿಂದೆ ನಿಂತು ತಳ್ಕೊಂಡು, ಕೈ ತೊಳ್ಕೊಂಡು, ನಿಮಗೆಲ್ಲ ತಿಂಡಿ ಬಡಿಸ್ತೀನಿ." ಸಡಿಲವಾದ ಸೆರಗು ಸಿಕ್ಕಿಸಿಕೊಂಡೆ ಅನ್ನುವಷ್ಟು ಸಲೀಸಾಗಿ ಹೇಳಿದರು.

ಆಗ ನನ್ನ ಹೊಟ್ಟೆ ತೊಳಸಿತು. ಅಕ್ಕನ ಮೈಯ ಮೇಲಿನ ಹೇವರಿಕೆ ಅಲ್ಲ ಅದು. ನಾವು ಆ ತಿಂಡಿ ತಿಂದಿದ್ದೆವು. ಉಪ್ಪು ಕಡಿಮೆ ಆಯಿತು ಅಂದಿದ್ದೆವು. ಇನ್ನೊಂದು ಬಡಿಸು ಅಂದಿದ್ದೆವು.

ಮನೆಗೆ ಬರುವಷ್ಟರಲ್ಲಿ ವಿಡಿಯೋ ನಮಗಿಂತ ಮೊದಲೇ ತಲುಪಿತ್ತು. ಬಾವ ಊಟದ ಮೇಜಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಾ ಅದನ್ನೇ ನೋಡುತ್ತಿದ್ದರು. ಸೀಟಿ ಅದಕ್ಕೆ ಸಂಗೀತ ಬೇರೆ ಹಚ್ಚಿದ್ದ. ನನ್ನ ಗಂಡ ಅಣ್ಣನ ಭುಜದ ಮೇಲಿಂದ ಬಗ್ಗಿದ್ದರು.

"ನೋಡಮ್ಮ, ನಮ್ಮನೆಯವಳನ್ನ," ಅಂದರು ಬಾವ ನನಗೆ, ಬಾಯಲ್ಲಿ ತುತ್ತಿಟ್ಟುಕೊಂಡೇ. "ನಾನು ಹೇಳಿರಲಿಲ್ವಾ? ಇನ್ನು ಅಮ್ಮನ್ನ ಒಂದೇ ಕೈಲಿ ಎತ್ತಬಹುದು."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಯಾರಾದ್ರೂ ಬರ್ತೀರಾ? ಅವಸರ ಆಗಿದೆ."

ಅಕ್ಕ ಚೀಲ ಕೆಳಗಿಟ್ಟು ಹಾಗೇ ಹೊರಟರು. ನಾನು ಮುಂದೆ ಹೋಗಿ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

"ದಾರಿ ಬಿಡು" ಅಂದರು ಅಕ್ಕ, ಮೆಲ್ಲಗೆ.

"ಬಿಡಲ್ಲ."

"ಹೇಳ್ಬೇಡ ಅಂದಿದ್ದೆ."

"ಅಂದಿದ್ರಿ."

ಬಾವನ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ. ಗರ್ಭಕೋಶ ಅಂದೆ, ಜಾರಿದೆ ಅಂದೆ, ಹೊರಗೆ ಬಂದದ್ದನ್ನು ಇವರು ದಿನಾ ಕೈಯಿಂದ ಒಳಗೆ ತಳ್ಳಿಕೊಂಡು ನಿಮ್ಮ ತಟ್ಟೆಗೆ ಬಡಿಸುತ್ತಾರೆ ಅಂದೆ. ಇನ್ನೊಂದು ಸಲ ಅತ್ತೆಯನ್ನು ಎತ್ತಿದರೆ ಆಪರೇಷನ್ ಟೇಬಲ್ಲಿನ ಮೇಲೇ ಮಲಗಬೇಕು ಅಂದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಛೀ ಛೀ," ಅಂದರು ಬಾವ. ತಟ್ಟೆ ದೂರ ತಳ್ಳಿದರು. "ತಿಂಡಿ ತಿನ್ನೋ ಹೊತ್ತಲ್ಲಿ ಎಂಥ ಮಾತಮ್ಮ ಇದು. ಗಂಡಸರ ಮುಂದೆ." ಮುಖ ಸಿಂಡರಿಸಿಕೊಂಡು ಬಾಯಿ ಒರೆಸಿಕೊಂಡರು. ಹೆಂಡತಿಯ ಮೈಯೊಳಗಿನದು ಜಾರಿ ಬೀಳುತ್ತಿರುವುದು ಅವರಿಗೆ ಅಸಹ್ಯವಾಗಲಿಲ್ಲ, ಬ್ರೆಡ್ಡಿನ ಮುಂದೆ ಅದನ್ನು ಹೇಳಿದ್ದು ಅಸಹ್ಯವಾಯಿತು. ಮೇಜಿನ ಮೇಲೆ ಫೋನು ಇನ್ನೂ ಹಾಡುತ್ತಿತ್ತು.

"ಆಮೇಲೆ ಮಾತಾಡೋಣ ಕಣೇ" ಅಂದರು ನನ್ನ ಗಂಡ.

"ಅತ್ತೆ ಆಮೇಲಿನ ತನಕ ಕಾಯ್ತಾರಾ, ಕೇಳಿ ನೋಡಿ."

ಕೇಳುವ ಅಗತ್ಯ ಬೀಳಲಿಲ್ಲ. ಅತ್ತೆಗೆ ಕಾಲು ಹೋಗಿದೆ, ಕಿವಿ ಹೋಗಿಲ್ಲ. "ಅವಳು ಬರೋದು ಬೇಡ," ಅಂದರು ಒಳಗಿನಿಂದ. "ಅವಳನ್ನ ಕೂರಿಸು. ನೀವಿಬ್ರೂ ಬನ್ನಿ."

"ಅಮ್ಮ," ಅಂದರು ಬಾವ ಬಾಗಿಲ ಬಳಿ ಬಂದು, "ನಾವು ಎತ್ತಿದ್ರೆ ನಿಂಗೆ ನಾಚಿಕೆ ಆಗುತ್ತಲ್ಲಮ್ಮ."

"ನಾನು ಯಾವಾಗ ಹಾಗಂದೆ?"

ಬಾವ ತಮ್ಮನನ್ನು ನೋಡಿದರು. ತಮ್ಮ ನನ್ನನ್ನು ನೋಡಿದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಇಬ್ಬರೂ ಹೊಸ್ತಿಲು ದಾಟಿದರು. ಎಲ್ಲಿ ಹಿಡಿಯಬೇಕೆಂದು ಇಬ್ಬರಿಗೂ ಗೊತ್ತಿಲ್ಲ. ಬಾವ ಮೊದಲು ತಾಯಿಯ ಮಣಿಕಟ್ಟು ಹಿಡಿದು ಎಳೆದರು, ಅತ್ತೆ ನೋವಿಗೆ ಹಲ್ಲು ಕಚ್ಚಿದರು. ಆಮೇಲೆ ಭುಜ ಹಿಡಿದರು. ನನ್ನ ಗಂಡ ಕಾಲು ಹಿಡಿದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ನಾನು ಕೂರಿಸಿದ್ದ ಅಕ್ಕ ಎದ್ದೇ ಬಿಟ್ಟರು. ನಾನು ಅವರ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದೆ. ಅವರ ಕೈಗಳು ಮಡಿಲಲ್ಲಿ ಸುಮ್ಮನಿರಲಾರದೆ ಗಾಳಿಯನ್ನೇ ಎತ್ತಿ ಇಳಿಸುತ್ತಿದ್ದವು.

ಅತ್ತೆ ಮಂಚದಿಂದ ಮೇಲೆದ್ದರು. ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಅವರ ನೈಟಿ ಆಗಲೇ ಒದ್ದೆಯಾಗಿತ್ತು. ಬಾವ ಉಸಿರು ಬಿಗಿಹಿಡಿದು ಮುಖ ಆ ಕಡೆ ತಿರುಗಿಸಿದರು. ಮಂಚಕ್ಕೂ ಕುರ್ಚಿಗೂ ನಡುವೆ, ಕೆಳಗೆ ಬರೀ ನೆಲ ಇರುವಾಗ, ಬಾವನ ಹಿಡಿತ ಸಡಿಲವಾಯಿತು.

"ಸಾಕು, ಸಾಕು. ಇಳಿಸೋ" ಅಂದರು ತಮ್ಮನಿಗೆ.

"ಇನ್ನೂ ಇಲ್ಲ."

ಅದು ಅಕ್ಕನ ದನಿ. ಜೋರಿರಲಿಲ್ಲ, ಆದರೆ ಆ ದನಿಯಲ್ಲಿ ಅವರು ಗಂಡನ ಜೊತೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ನೆಲಕ್ಕೆ ಬಿಡ್ತೀರಾ ಅವರನ್ನ? ಕುರ್ಚಿ ತನಕ ಹೋಗ್ಬೇಕು. ಮಂಡಿ ಬಗ್ಗಿಸಿ. ಉಸಿರು ಬಿಡಿ. ಮುಖ ಆ ಕಡೆ ತಿರುಗಿಸ್ಬೇಡಿ, ಅವರನ್ನ ನೋಡಿ."

ಬಾವ ಮಂಡಿ ಬಗ್ಗಿಸಿದರು. ಉಸಿರು ಬಿಟ್ಟರು, ಎಳೆದುಕೊಂಡರು, ಆ ವಾಸನೆಯನ್ನೂ ಎಳೆದುಕೊಂಡರು. ಒಂದೊಂದೇ ಹೆಜ್ಜೆ ಇಟ್ಟು ಇಬ್ಬರೂ ಅತ್ತೆಯನ್ನು ಕುರ್ಚಿಗೆ ಮುಟ್ಟಿಸಿದರು.

ಬಾವನ ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದು ನೋಡಿಕೊಂಡರು. ತಟ್ಟೆ ತಳ್ಳಿದಾಗ ಇದ್ದ ಮುಖವೇ ಮತ್ತೆ ಬಂತು. ಆ ಮುಖವನ್ನು ಈ ಸಲ ಅತ್ತೆ ಕುರ್ಚಿಯಲ್ಲಿ ಕೂತು, ತೀರಾ ಹತ್ತಿರದಿಂದ, ಪೂರ್ತಿ ನೋಡಿದರು. ಬಾವ ಅಂಗಿ ಬದಲಿಸಲು ಹೊರಟರು.

"ಎಲ್ಲಿಗೆ?" ಅಂದರು ಅತ್ತೆ. "ಕುರ್ಚಿ ತಳ್ಳು. ಅಲ್ಲೂ ಎತ್ತಬೇಕು. ಆಮೇಲೆ ಬಟ್ಟೆನೂ ಬದಲಾಯಿಸ್ಬೇಕು, ನಿಂದಲ್ಲ, ನಂದು."